ನೀಲಿ ಹೊಟ್ಟೆಯ ಗೆದ್ದಲು

ನನ್ನ ಹೊಲಿಗೆ ಕೋಣೆಯ ಮೂಲೆಯಲ್ಲಿ ಹುತ್ತ ಎದ್ದಾಗ ನಮ್ಮತ್ತೆ ಕೈಮುಗಿದರು, ನಾನು ಪೊರಕೆ ಹುಡುಕಿದೆ. ಜಗಳ ಶುರುವಾದದ್ದೇ ಅಲ್ಲಿಂದ.

ಸಾಸ್ವೆಹಳ್ಳಿಯ ನಮ್ಮ ಮನೆಯಲ್ಲಿ ರಸ್ತೆಗೆ ಬಾಗಿಲಿರುವ ಆ ಕೋಣೆಯೊಂದೇ ನನ್ನದು ಎನ್ನುವಂಥದ್ದು. ಅಲ್ಲಿ ಮಷೀನು ತಿರುಗುತ್ತಿದ್ದುದರಿಂದಲೇ ನಾನು ಯಾರ ಮುಂದೆಯೂ ಕೈಚಾಚದೆ ಬದುಕಿದ್ದೆ. ಗಂಡನ ಅಣ್ಣ, ಅಂದರೆ ನಮ್ಮ ಭಾವ, ಬಂದು ನೋಡಿ ನಿಂತಕಾಲಲ್ಲೇ ತೀರ್ಪು ಕೊಟ್ಟುಬಿಟ್ಟರು.

"ದೇವ್ರು ತಾನಾಗೇ ಮನಿಗೆ ಬಂದೈತೆ. ಯಾರೂ ಮುಟ್ಟಬ್ಯಾಡ್ರಿ. ನಿನ್ನ ಮಷೀನು ಕೊಟ್ಟಿಗೆ ಪಕ್ಕ ಇಟ್ಕೊಳವ್ವಾ."

"ಸಗಣಿ ವಾಸ್ನೆಗೆ ಅಲ್ಲಿ ಯಾರು ಬರ್ತಾರೆ ಭಾವ? ಹೊಸ ಬಟ್ಟೆ ಹೆಂಗೆ ಇಡಾಕೆ ಆಗುತ್ತೆ?"

"ದೇವ್ರಿಗಿಂತ ನಿನ್ನ ಬ್ಲೌಸು ದೊಡ್ಡದಾತೇನು?"

ನನ್ನ ಗಂಡ ಬಾಯಲ್ಲಿ ಅವಲಕ್ಕಿ ತುಂಬಿಕೊಂಡವರ ಹಾಗೆ ಸುಮ್ಮನೆ ನಿಂತಿದ್ದರು. ಕೊನೆಗೆ ನಾನೇ ಮಷೀನನ್ನು ಕೊಟ್ಟಿಗೆ ಪಕ್ಕಕ್ಕೆ ಎಳೆದೊಯ್ದೆ.

ಆಮೇಲೆ ಶುರುವಾಯಿತು ನೋಡಿ. ಬೆಳಗಾದರೆ ಅರಿಶಿಣ, ಕುಂಕುಮ, ಹಾಲು. ಗೆದ್ದಲಿಗೆ ಬೇಕಾದದ್ದೇ ತೇವ. ಅದನ್ನು ಇವರೇ ಚೊಂಬು ಚೊಂಬು ಎರೆದು ಸಾಕಿದರು! ನನ್ನ ಬಾಗಿಲ ಚೌಕಟ್ಟು ಬಡಿದರೆ ಸೋರೆಬುರುಡೆ ಬಡಿದಂತೆ ಟೊಳ್ಳು ಸದ್ದು. ಬ್ಲೌಸು ಹೊಲಿಸಲು ಬರುತ್ತಿದ್ದ ಹೆಂಗಸರು ಹೂವು ಹಿಡಿದು ಬಂದು, ಹುತ್ತಕ್ಕೆ ಕೈಮುಗಿದು, ಬಟ್ಟೆಯನ್ನು ಮಾತ್ರ ನ್ಯಾಮತಿಯ ಟೈಲರಿಗೆ ಒಯ್ದರು.

ಒಡೆಯಲು ಬಿಡದಿದ್ದರೆ ಬೇಡ, ಈ ದೇವರು ಎಲ್ಲೆಲ್ಲಿ ಓಡಾಡುತ್ತಾನೆ ಎಂದಾದರೂ ನೋಡಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ. ಮೊದಲು ಗೋಡೆಯ ಮೇಲಿನ ಮಣ್ಣಿನ ಗೆರೆಯನ್ನು ಸೂಜಿಯಿಂದ ಒಂದಿಷ್ಟು ಕೆರೆದು ತೆಗೆದೆ. ಒಡೆದ ಗೆರೆಯನ್ನು ಗೆದ್ದಲು ಗೂಡಿರುವ ಕಡೆಯಿಂದಲೇ ಬಂದು ಮುಚ್ಚುತ್ತವೆ; ಇವು ಹುತ್ತದ ಕಡೆಯಿಂದ ಹಸಿ ಮಣ್ಣು ತಂದು ಮೆತ್ತತೊಡಗಿದವು. ಗೂಡು ಹುತ್ತದಲ್ಲೇ ಇದೆ ಎಂಬುದು ಖಾತ್ರಿಯಾಯಿತು. ಆಮೇಲೆ ಹಿತ್ತಲಿನಲ್ಲಿ ಅಲ್ಲಲ್ಲಿ ಮೆತ್ತನೆಯ ಮರದ ಗೂಟ ಹೂತು, ವಾರಕ್ಕೊಮ್ಮೆ ಕಿತ್ತು ನೋಡುತ್ತಿದ್ದೆ. ಬಾವಿಯ ಕಡೆಯವು ಹೂತಂತೆಯೇ ಇದ್ದವು. ಬೇಲಿಯ ದಣಪೆಯ ಕಡೆಯವಕ್ಕೆ ಮಣ್ಣು ಮೆತ್ತಿತ್ತು, ಒಳಗೆಲ್ಲ ತಿಂದಿತ್ತು. ಆ ಗೂಟಗಳ ಜಾಡು ನೆಟ್ಟಗೆ ಹೋಗಿ ನಿಂತದ್ದು ಭಾವ ತಮ್ಮ ಹೊಸ ಮನೆಗೆಂದು ಕೊಯ್ಯಿಸಿ, ತಾಡಪಾಲು ಹೊದಿಸಿ ಪೇರಿಸಿಟ್ಟಿದ್ದ ಹಲಗೆಗಳ ಹತ್ತಿರ.

ಆದರೂ ಅವು ಬೇರೆ ಗೆದ್ದಲು ಎಂದುಬಿಟ್ಟರೆ? ಬಣ್ಣದ ಕಾಗದ ತಿನ್ನಿಸಿದರೆ ಗೆದ್ದಲಿನ ಹೊಟ್ಟೆಯಲ್ಲಿ ಆ ಬಣ್ಣ ಕಾಣುತ್ತದೆಂದು ಫೋನಿನಲ್ಲಿ ನೋಡಿದ್ದೆ. ಬಟ್ಟೆಗೆ ಹಾಕುವ ನೀಲಿ ಬಣ್ಣದಲ್ಲಿ ರಟ್ಟು ನೆನೆಸಿ, ಒಣಗಿಸಿ, ಹುತ್ತದ ಬುಡಕ್ಕೆ ತುರುಕಿದೆ. ಅತ್ತೆ ಅದರ ಮೇಲೂ ಕುಂಕುಮ ಹಚ್ಚಿದರು.

ಕೆಲವು ದಿನ ಕಳೆದ ಮೇಲೆ ಭಾವನನ್ನು ಹಿತ್ತಲಿಗೆ ಕರೆದು ಅಡಿಯ ಹಲಗೆ ಎತ್ತಿಸಿದೆ. ಕೈಯಲ್ಲೇ ಪುಡಿಯಾಯಿತು.

"ಅಯ್ಯಯ್ಯೋ, ಹಾಳು ಹುಳ! ಮನೆ ಹಾಳಾಗ! ಎಲ್ಲಾ ತಿಂದು ಹಾಕೈತಲ್ಲೋ!"

"ಬೈಬ್ಯಾಡ್ರಿ ಭಾವ, ದೇವ್ರಿಗೆ ಹಂಗನ್ನಬಾರ್ದು," ಅಂದೆ. "ಹೊಟ್ಟೆ ನೋಡ್ರಿ, ನೀಲಿ ಐತೆ. ನನ್ನ ಕೋಣೆಯಾಗೆ ನಾನೇ ತಿನ್ನಿಸಿದ ಬಣ್ಣ. ನೀವು ಹಾಲೆರೆದಿದ್ದು ಇವಕ್ಕೇ. ಗೂಡು ಅಲ್ಲಿರೋ ತನಕ ಇವು ಇಲ್ಲಿಗೆ ಬರೋದು ಬಿಡಲ್ಲ."

ಅವರ ಮುಖ ನೋಡಬೇಕಿತ್ತು. ಆಗಲೇ ಬೈಕು ಹತ್ತಿ ಹೊನ್ನಾಳಿಗೆ ಹೋಗಿ ಗೆದ್ದಲಿನ ಔಷಧಿ ತಂದರು. ತಾವೇ ಹಾರೆ ತಂದು ತಮ್ಮನ ಕೈಗೆ ಕೊಟ್ಟು, "ಒಡಿಯೋ, ಏನ್ ನೋಡ್ತೀಯ?" ಎಂದು ಗದರಿದರು. ಅತ್ತೆ ಹಾಲಿನ ಚೊಂಬು ಹಿಡಿದು ಬಂದವರು ಹಾಗೆಯೇ ಅಡುಗೆಮನೆಗೆ ತಿರುಗಿದರು.

ಹುತ್ತ ಒಡೆದರು, ಔಷಧಿ ಸುರಿದರು. ನನ್ನ ಮಷೀನು ಒಳಗೆ ಬಂತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಈಗಲೂ ಪೆಡಲು ತುಳಿಯುತ್ತ ಕೂತರೆ ಹೊಟ್ಟೆ ಉರಿಯುತ್ತದೆ. ನನ್ನ ಹೊಲಿಗೆ ನಿಂತುಹೋದರೂ ಜಾಗ ಬಿಡದ ದೇವರು, ಅವರ ಹಲಗೆ ಪುಡಿಯಾದ ದಿನವೇ ಎದ್ದು ಹೋದ.