ಅಳುವ ಕ್ಯಾಪ್ಟನ್

ಕೆಳಮನೆಯ ಅಂಕಲ್ ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಇರಬೇಕಾದ ಜಾಗದಲ್ಲಿ ನುಣ್ಣಗೆ ಹೊಳೆಯುವ ಗುಲಾಬಿ ಚರ್ಮ. ಟೀವಿ ರಿಮೋಟನ್ನು ಅವರು ಆ ಬೆರಳಲ್ಲೇ ಒತ್ತುತ್ತಿದ್ದರು. ಏನಾಯ್ತು ಅಂಕಲ್ ಎಂದು ಕೇಳಿದರೆ ಒಂದು ವಾರ "ರೋಬೋ ಕಚ್ಚಿತು" ಅನ್ನುವರು, ಮುಂದಿನ ವಾರ "ಶನಿಗ್ರಹದಲ್ಲಿ ಬಾಗಿಲಿಗೆ ಸಿಕ್ಕಿಕೊಳ್ತು" ಅನ್ನುವರು. ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು, ಯಾವುದೋ ಯಂತ್ರಕ್ಕೆ ಕೊಟ್ಟು ಬಂದಿರಬೇಕು. ಈ ಮನುಷ್ಯ ಬಾಯಿಗೆ ಬಂದ ಹಾಗೆ ಕಥೆ ಕಟ್ಟುತ್ತಾರೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ನಾನೊಬ್ಬಳು ದಡ್ಡಿ.

ಪರದೇಶದಲ್ಲಿ, ಬಿಶಾನ್ ಬಡಾವಣೆಯ ನಮ್ಮ ಬ್ಲಾಕಿನಲ್ಲಿ ನಾವು ಒಂಬತ್ತನೇ ಮಹಡಿ, ಅವರು ಎಂಟು. ಮೈಸೂರಿನವರು. ನಲವತ್ತರ ವಯಸ್ಸಿನಲ್ಲಿ ಕಂಪನಿ ಅವರನ್ನು ಒಂದು ವರ್ಷ ಟ್ರೇನಿಂಗಿಗೆಂದು ಫ್ರಾನ್ಸಿಗೆ ಕಳಿಸಿತ್ತಂತೆ. ಎಲ್ಲರೂ ಅಲ್ಲಿಂದ ಸೆಂಟು, ಚಾಕೊಲೇಟು ತಂದರೆ ಇವರು ತಂದದ್ದು ಒಂದು ಪೆಟ್ಟಿಗೆ ಸಿನಿಮಾ ಡಿಸ್ಕು. ಅವೆಲ್ಲ ಅಂತರಿಕ್ಷದ ಸಿನಿಮಾಗಳನ್ನು ಗೇಲಿ ಮಾಡುವ ಫ್ರೆಂಚ್ ಕಾಮಿಡಿಗಳು. ಬೋಗುಣಿಯನ್ನು ತಲೆಗೆ ಹಾಕಿಕೊಂಡ ಗಗನಯಾತ್ರಿಗಳು, ಮುಷ್ಕರ ಹೂಡುವ ಕಂಪ್ಯೂಟರು, ಮಧ್ಯಾಹ್ನದ ಊಟವಾಗದೆ ಭೂಮಿಯ ಮೇಲೆ ದಾಳಿ ಮಾಡುವುದಿಲ್ಲ ಎಂದು ಹಟ ಹಿಡಿಯುವ ಅನ್ಯಗ್ರಹದವರು. ಒಂದಕ್ಕೂ ಸಬ್‌ಟೈಟಲ್ ಇಲ್ಲ.

ಭಾನುವಾರ ನಾಲ್ಕು ಗಂಟೆಗೆ ಸುತ್ತಮುತ್ತಲಿನ ಐದಾರು ಕನ್ನಡದ ಮಕ್ಕಳು ಅಲ್ಲಿ ಸೇರುತ್ತಿದ್ದೆವು. "ಹೋಗು, ಕನ್ನಡ ಸ್ವಲ್ಪ ಕಿವಿಗೆ ಬೀಳತ್ತೆ" ಎಂದು ಅಮ್ಮ ತಳ್ಳುತ್ತಿದ್ದಳು. ಅವಳಿಗೆ ನಿದ್ದೆ ಬೇಕಿತ್ತು. ಆಂಟಿ ಕೋಡುಬಳೆಯ ತಟ್ಟೆ ಇಟ್ಟು ಹೋಗುವರು. ಅಂಕಲ್ ಟೀವಿ ಪಕ್ಕ ಸ್ಟೂಲು ಹಾಕಿಕೊಂಡು, ಸೌಂಡು ಪೂರ್ತಿ ಇಳಿಸಿ, ಎಲ್ಲ ಪಾತ್ರಗಳ ಮಾತನ್ನೂ ತಾವೇ ಕನ್ನಡದಲ್ಲಿ ಆಡುತ್ತಿದ್ದರು. ರೋಬೋ ಬಂದರೆ ಮೂಗಿನಲ್ಲಿ, "ಸಾರಿಗೆ ಉಪ್ಪು ಹಾಕಿದೀರೋ ಇಲ್ವೋ ಸ್ವಾಮಿ?" ಯಾರಾದರೂ ನಕ್ಕರೆ ಸಿನಿಮಾ ನಿಲ್ಲಿಸಿ ಕೇಳುವರು: "ಯಾಕ್ ನಗು ಬಂತು, ಹೇಳು ನೋಡೋಣ." ನಾವು ತಡವರಿಸಿ ತಡವರಿಸಿ ಹೇಳುತ್ತಿದ್ದೆವು.

ಆ ಪೆಟ್ಟಿಗೆಯಲ್ಲಿ ನನ್ನ ಜೀವದಂಥ ಸಿನಿಮಾ ಒಂದಿತ್ತು. ಅದರ ಕೊನೆಯಲ್ಲಿ ದಪ್ಪ ಮೀಸೆಯ ಕ್ಯಾಪ್ಟನ್ ರೇಡಿಯೋ ಮುಂದೆ ಕೂತು ಗಳಗಳನೆ ಅಳುತ್ತಾನೆ. ಅಂಕಲ್ ದನಿ ಅಲ್ಲಿ ಮಾತ್ರ ತಗ್ಗುತ್ತಿತ್ತು: "ಮಾತಾಡ್ತಾ ಇರಿ. ನಂಗೆ ಅರ್ಥ ಆಗದಿದ್ರೂ ಪರವಾಗಿಲ್ಲ, ನಿಲ್ಲಿಸ್ಬೇಡಿ. ಇಷ್ಟು ದೂರ ಬಂದ್ಮೇಲೆ ಒಂದು ದನಿಯೂ ಕೇಳದಿದ್ರೆ ಮನುಷ್ಯ ಬದುಕಲ್ಲ ಕಣ್ರಪ್ಪಾ." ಎಂಟು ವರ್ಷದ ನಾನು ಪ್ರತಿ ಸಲವೂ ಅಳುತ್ತಿದ್ದೆ.

ಯೂನಿವರ್ಸಿಟಿಯಲ್ಲಿ ಫ್ರೆಂಚ್ ತೆಗೆದುಕೊಂಡದ್ದು ಅದಕ್ಕಾಗಿಯೇ. ಎರಡನೇ ವರ್ಷ ಒಂದು ಪ್ರೆಸೆಂಟೇಶನ್ ಬಂತು. ಅದರ ಮಾರ್ಕ್ಸಿನ ಮೇಲೆ ಫ್ರಾನ್ಸಿನಲ್ಲಿ ಆರು ತಿಂಗಳು ಓದುವ ಸೀಟು ನಿಂತಿತ್ತು. ನಾನು ಅಳುವ ಕ್ಯಾಪ್ಟನ್‌ನನ್ನೇ ಆರಿಸಿಕೊಂಡೆ. ಬಾಯಿಪಾಠವಾಗಿದ್ದ ಸಿನಿಮಾ, ಮತ್ತೆ ಕೇಳಿ ನೋಡುವುದೇನಿದೆ? ಅಂಕಲ್‌ರಿಂದ ಡಿಸ್ಕು ತಂದು ಆ ದೃಶ್ಯವನ್ನಷ್ಟೇ ಕತ್ತರಿಸಿಕೊಂಡೆ. ಕ್ಲಾಸಿನಲ್ಲಿ ಅವರ ಹಾಗೇ ಸೌಂಡು ಇಳಿಸಿ, ಗೇಲಿಯ ನಡುವೆ ಬರುವ ಈ ಒಂಟಿತನದ ಕಣ್ಣೀರು ಎಷ್ಟು ದೊಡ್ಡದು ಎಂದು ಹತ್ತು ನಿಮಿಷ ಭಾಷಣ ಬಿಗಿದೆ.

ನಮ್ಮ ಪ್ರೊಫೆಸರ್ ಫ್ರಾನ್ಸಿನ ಹೆಂಗಸು. ಹುಬ್ಬು ಗಂಟಿಕ್ಕಿ, "ಸ್ವಲ್ಪ ಸೌಂಡ್ ಕೊಡ್ತೀರಾ?" ಎಂದರು. ಕೊಟ್ಟೆ. ಕ್ಯಾಪ್ಟನ್ ಬಿಕ್ಕಿ ಬಿಕ್ಕಿ ಹೇಳುತ್ತಿದ್ದ: ನೌಕೆಯ ಟಾಯ್ಲೆಟ್ ಕೆಟ್ಟು ಮೂರು ದಿನವಾಯಿತು, ರಿಪೇರಿಯವನು ಊಟಕ್ಕೆ ಹೋದವನು ಬಂದೇ ಇಲ್ಲ, ನಾನಿನ್ನು ತಡೆದುಕೊಳ್ಳಲಾರೆ.

ಒಂದು ಕ್ಷಣ ಯಾರೋ ಕ್ಲಿಪ್ಪು ಬದಲಾಯಿಸಿದ್ದಾರೆ ಅಂದುಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬ ಇಲ್ಲಿನವರ ರಾಗದಲ್ಲಿ "ಟಾಯ್ಲೆಟ್ ಲಾ!" ಎಂದು ಕೂಗಿದ, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸೀಟು ಹೋಯಿತು. ಅದು ಹೋದದ್ದಕ್ಕಿಂತ, ಹನ್ನೆರಡು ವರ್ಷ ನಾನು ನಂಬಿದ ಒಂದು ಮಾತೂ ಆ ಸಿನಿಮಾದಲ್ಲಿ ಇರಲೇ ಇಲ್ಲವೆಂಬುದು ತಲೆಗೆ ಹೊಡೆದಂತಾಗಿತ್ತು.

ಸೀದಾ ಎಂಟನೇ ಮಹಡಿಗೆ ಹೋದೆ. ಚಪ್ಪಲಿ ಕೂಡ ಬಿಡಲಿಲ್ಲ.

"ನಾಚಿಕೆ ಆಗಲ್ವಾ ನಿಮಗೆ? ಹನ್ನೆರಡು ವರ್ಷ ನಮ್ಮನ್ನ ಎದುರಿಗೆ ಕೂರಿಸ್ಕೊಂಡು ಬರೀ ಸುಳ್ಳು ಹೇಳಿದ್ರಲ್ಲ! ನಿಮ್ಮನ್ನ ನಂಬಿ ಎಲ್ಲರ ಮುಂದೆ ನನ್ನ ಮಾನ ಹರಾಜಾಯ್ತು. ಆ ಭಾಷೆ ಒಂದಕ್ಷರ ಆದ್ರೂ ಬರತ್ತಾ ನಿಮಗೆ?"

"ಎಲ್ಲಿ ಬರತ್ತೆ ಪುಟ್ಟಾ," ಎಂದರು, ಏನೋ ಸಣ್ಣ ವಿಷಯವೆಂಬಂತೆ. "ಬೊಂಜೂರು, ಮೆರ್ಸಿ, ಅಷ್ಟೇ. ಅಲ್ಲಿ ಒಂದು ವರ್ಷ ಕೆಲ್ಸ ಬಿಟ್ರೆ ನಂಜೊತೆ ಯಾರೂ ಮಾತಾಡ್ಲಿಲ್ಲ. ಥಿಯೇಟರ್‌ಗೆ ಹೋಗಿ ಕೂತ್ಕೋತಿದ್ದೆ. ಜನ ನಗೋರು, ನಾನೂ ನಗ್ತಿದ್ದೆ."

"ಹಾಗಾದ್ರೆ ನಮಗ್ಯಾಕೆ ತೋರಿಸಿದ್ರಿ?"

"ಇಂಗ್ಲಿಷ್ ಪಿಕ್ಚರ್ ಹಾಕಿದ್ರೆ ನನ್ನ ಮಾತು ಯಾರು ಕೇಳ್ತಿದ್ರಿ? ನಿಮ್ಗೂ ಬರಬಾರ್ದು, ನಂಗೂ ಬರಬಾರ್ದು. ಆಗ ತಾನೇ ಕನ್ನಡ ಬೇಕಾಗೋದು?"

ಆ ಉತ್ತರ ಕೇಳಿ ನನಗೆ ಇನ್ನಷ್ಟು ಉರಿದುಹೋಯಿತು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಅಂದೆ, ಅನ್ನಬಾರದ್ದನ್ನೂ ಅಂದೆ. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. ನೋಡಿದರೆ, ಆ ಮನುಷ್ಯ ನಗುತ್ತಿದ್ದರು! ಬಾಗಿಲು ಬಡಿದು ಬಂದುಬಿಟ್ಟೆ.

ನಾಲ್ಕು ತಿಂಗಳು ಮಾತು ಬಿಟ್ಟೆ. ಲಿಫ್ಟು ಎಂಟರಲ್ಲಿ ನಿಂತರೆ ಫೋನು ನೋಡುತ್ತಾ ನಿಲ್ಲುತ್ತಿದ್ದೆ. "ಊಟ ಆಯ್ತಾ ಪುಟ್ಟಾ?" ಎಂದು ಅವರು ಪ್ರತಿ ಸಲ ಕೇಳುತ್ತಿದ್ದರು. ನಾನು ಬಾಯಿ ಬಿಡುತ್ತಿರಲಿಲ್ಲ. ದನಿಯಿಲ್ಲದೆ ಮನುಷ್ಯ ಬದುಕುವುದಿಲ್ಲ ಎಂದದ್ದು ಕ್ಯಾಪ್ಟನ್ ಅಲ್ಲ, ಫ್ರಾನ್ಸಿನಲ್ಲಿ ಒಬ್ಬರೇ ಕೂತಿದ್ದ ಈ ಅಂಕಲ್ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಅವರನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಹೃದಯದ ತೊಂದರೆ ಎಂದು ಅಮ್ಮ ಹೇಳಿದ ದಿನ ಓಡಿದೆ. ಮುಖ ಸೊರಗಿ ಅರ್ಧವಾಗಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು ಇಷ್ಟು: "ಬಂದ್ಯಾ? ಆ ಕ್ಯಾಪ್ಟನ್ ನಿಜವಾಗ್ಲೂ ಏನ್ ಹೇಳ್ತಾನಮ್ಮಾ?"

ಟಾಯ್ಲೆಟ್ಟು, ರಿಪೇರಿಯವನು, ಊಟ, ಎಲ್ಲ ಹೇಳಿದೆ. ಅವರ ಬಾಯಿ ತೆರೆದದ್ದು ತೆರೆದೇ ಇತ್ತು. "ರಿಪೇರಿಯವನಾ? ನಮ್ ಡಿಪಾರ್ಟ್‌ಮೆಂಟು! ಅಯ್ಯೋ, ಗೊತ್ತಿದ್ದಿದ್ರೆ!" ಎಂದು ನಗಲು ಶುರುಮಾಡಿದವರಿಗೆ ಕೆಮ್ಮು ಹತ್ತಿತು, ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದಳು. ಕ್ಷಮಿಸಿ ಎಂದು ನಾಳೆ ಹೇಳೋಣ ಅಂದುಕೊಂಡೆ. ಬೆಳಿಗ್ಗೆ ಏಳಕ್ಕೆ ಆಂಟಿಯ ಫೋನು ಬಂತು.

ಮ್ಯಾಂಡೈ ಚಿತಾಗಾರದಲ್ಲಿ ಎಲ್ಲ ಮುಗಿದ ಮೇಲೆ ನಾನು ಆಂಟಿಯ ಪಕ್ಕ ಕೂತೆ. "ಅವತ್ತು ಹಾಗೆಲ್ಲ ಬೈದುಬಿಟ್ಟೆ ಆಂಟಿ, ಸಾರಿ ಕೂಡ ಕೇಳ್ಲಿಲ್ಲ," ಎಂದೆ.

ಆಂಟಿ ನನ್ನ ಮುಖವನ್ನೇ ನೋಡಿದರು. "ನೀನು ಬಾಗಿಲು ಬಡ್ಕೊಂಡು ಹೋದ್ಮೇಲೆ ಏನಂದ್ರು ಗೊತ್ತಾ? ಗಡಿಯಾರ ನೋಡಿದ್ರು. 'ಇಪ್ಪತ್ತು ನಿಮಿಷ ಕಣೇ! ಒಂದೇ ಒಂದು ಇಂಗ್ಲಿಷ್ ಮಾತಿಲ್ದೆ ಬೈದ್ಲು. ಹುಡುಗಿ ಪಾಸಾದ್ಲು' ಅಂತ. ಅವತ್ತು ರಾತ್ರಿ ಪಾಯಸ ಮಾಡಿಸ್ಕೊಂಡು ತಿಂದ್ರು."