ಟಿಂಗಣ್ಣ

"ಅಮ್ಮಾ, ಟಿಂಗಣ್ಣ ಮಾಮ ನಿಜವಾಗ್ಲೂ ಇದಾರಾ?" ಎಂದು ನಾಲ್ಕು ವರ್ಷದ ಮಗು ಕೇಳಿದಾಗ ಅವಳು, "ಇರದೆ ಎಲ್ಲಿ ಹೋಗ್ತಾರೆ, ಕಂದ?" ಎಂದು ನಕ್ಕುಬಿಟ್ಟಳು. ಅವಳು ಕೆಲಸ ಮಾಡುವ ನೀರು ಸರಬರಾಜು ಕಚೇರಿಯ ನಕ್ಷೆ ಗುಮಾಸ್ತರಿಗೆ ಆ ಹೆಸರು ಬಂದದ್ದೇ ಫೋನಿನ ಟಿಂಗ್ ಸದ್ದಿನಿಂದ. ಯಾವ ಬೀದಿಯ ಅಡಿಯಲ್ಲಿ ಯಾವ ಕೊಳವೆ, ಯಾವ ವಾಲ್ವನ್ನು ಎಷ್ಟು ತಿರುಗಿಸಬೇಕು, ಏನೇ ಕೇಳಿ, ಕಚೇರಿಯ ಗ್ರೂಪಿನಲ್ಲಿ ಅವರ ಉತ್ತರ ತಕ್ಷಣ ಟಿಂಗೆನ್ನುತ್ತಿತ್ತು, ಕೊನೆಯಲ್ಲಿ "ಜೋಪಾನ" ಎಂಬ ಮಾತಿನೊಂದಿಗೆ. ಗೋಡೆಯಾಚೆ ಯಾರಾದರೂ ಸೀನಿದರೂ ಎದ್ದುಬಂದು ವಿಚಾರಿಸದೆ "ಜೋಪಾನ" ಎಂದು ಬರೆದೇ ಕಳಿಸುವ ಆಸಾಮಿ. "ಅವರ ಬಾಯಿ ಹೆಬ್ಬೆರಳಲ್ಲಿದೆ ಕಣ್ರೀ," ಎಂದು ವಾಟರ್‌ಮನ್ ನಗುತ್ತಿದ್ದ. ಬರಬರುತ್ತಾ ಯಾರೂ ಪಕ್ಕದವರನ್ನು ಏನೂ ಕೇಳದಾದರು. ನಲವತ್ತು ಜನ ಕೂತ ಹಾಲ್‌ನಲ್ಲಿ ಟಿಂಗ್ ಬಿಟ್ಟರೆ ಬೇರೆ ಸದ್ದಿಲ್ಲ. ಮಗುವಿನ ಮಾತು ತಲೆ ಕೊರೆಯುತ್ತಿದ್ದುದರಿಂದ ಮರುದಿನ ಅವಳು ಮೂಲೆಯಲ್ಲಿದ್ದ ಅವರ ಕೋಣೆಗೆ ಹೋದಳು. ಕುರ್ಚಿಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. "ಎಲ್ಲಿದ್ದೀರಿ?" ಎಂದು ಫೋನಿನಲ್ಲಿ ಬರೆದಳು. ಟಿಂಗ್! "ನನ್ನ ಜಾಗದಲ್ಲೇ ಇದ್ದೇನೆ. ಜೋಪಾನ." ಅವಳು ಮತ್ತೆ ಖಾಲಿ ಕುರ್ಚಿಯತ್ತ ನೋಡಿದಳು. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಕತ್ತಿಗೆ ಬ್ಯಾಂಡೇಜು ಸುತ್ತಿಕೊಂಡ ಟಿಂಗಣ್ಣ. "ಒಂದು ತಿಂಗಳು ಆಸ್ಪತ್ರೇಲಿದ್ದೆ, ತಾಯಿ, ಇವತ್ತೇ ಬಂದೆ. ನಾನು ಬರೆದಿಟ್ಟ ಉತ್ತರಗಳನ್ನ ಕಂಪ್ಯೂಟರೇ ಕಳಿಸ್ತಿತ್ತು. ಒಬ್ರೂ ಹುಡುಕ್ಕೊಂಡು ಬರ್ಲಿಲ್ಲ," ಎಂದರು, ತುಕ್ಕುಹಿಡಿದ ವಾಲ್ವು ತಿರುಗಿದಂಥ ದನಿಯಲ್ಲಿ. "ಒಂದು ಉಪಕಾರ ಮಾಡಮ್ಮ. ಉತ್ತರ ಬರ್ತಿದೆ ಅಂತ ಸುಮ್ನಾಗ್ಬೇಡ. ವಾರಕ್ಕೊಂದ್ಸಲ ಎದ್ದು ಬಂದು, ನಾನಿದೀನಾ ಅಂತ ನೋಡು."