ಜಾತಿ ನಾಯಿ ಮತ್ತು ಮೇಜು ಕುಟ್ಟುವ ಮಕ್ಕಳು

ಜರ್ಮನಿಯ ಡಾರ್ಮ್‌ಸ್ಟಾಟ್‌ನ ಯೂನಿವರ್ಸಿಟಿ ಕ್ಲಾಸ್‌ರೂಮಿನಲ್ಲಿ ನಾನು ‘ರಾಸ್ಸೆ’ ಅಂದದ್ದೇ ತಡ, ಮಕ್ಕಳ ಮುಖವೆಲ್ಲ ಪೆಚ್ಚಾಯಿತು. ಜನಾಂಗ ಅನ್ನುವ ಅರ್ಥದ ರೇಸ್ ಎಂಬ ಇಂಗ್ಲಿಷ್ ಪದಕ್ಕೆ ಜರ್ಮನ್ ಹುಡುಕಿ, ಟ್ರಾಮ್‌ನಲ್ಲಿ ಕೂತು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಕಾನ್ವೆಂಟ್ ಹುಡುಗಿ ನಾನು, ಹೋಮ್‌ವರ್ಕ್ ತಪ್ಪಿಸಿದವಳಲ್ಲ.

ಮೈಸೂರಿನ ಲಾ ಕಾಲೇಜಿನಲ್ಲಿ ಪಾಠ ಹೇಳಿ, ರಿಟೈರ್ ಆದಮೇಲೆ ಮಗಳ ಮನೆಗೆ ಬಂದವಳು. ಇಲ್ಲಿ ಬ್ರೆಡ್ಡು ಗಟ್ಟಿ, ಭಾನುವಾರ ಪೂರ್ತಿ ಮೌನ, ಮೊಮ್ಮಗಳಿಗೆ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ. ಅಜ್ಜಿಯಾಗಿರುವುದು ಸುಖವೇ, ಆದರೂ ಚಾಕ್‌ಪೀಸ್ ಹಿಡಿದ ಕೈ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಪ್ರೊಫೆಸರ್ ಒಬ್ಬರು, “ಅಮೆರಿಕದ ಕಾಲೇಜ್ ಅಡ್ಮಿಷನ್ ಕೇಸುಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಕ್ಲಾಸ್ ತಗೊಳ್ಳಿ. ಮಕ್ಕಳಿಗೆ ಹಿಡಿಸಿದರೆ ಸೆಮಿಸ್ಟರ್ ಪೂರ್ತಿ ನಿಮ್ಮದೇ” ಅಂದಿದ್ದರು. ಆ ಒಂದೇ ಕ್ಲಾಸಿನಲ್ಲಿ, ಶುರುವಿನಲ್ಲೇ ಎಡವಿದ್ದೆ.

ಇಲ್ಲಿ ಮೇಡಂ ಅನ್ನುವ ಬದಲು ‘ಫ್ರಾವ್’ ಅನ್ನುತ್ತಾರೆ. ಮುಂದಿನ ಸಾಲಿನ ಲೇನಾ ಮೆತ್ತಗೆ ಹೇಳಿದಳು: “ಫ್ರಾವ್ ರಾವ್, ಆ ಪದವನ್ನು ಮನುಷ್ಯರಿಗೆ ಹೇಳೋಕೆ ನಮಗೆ ಬಾಯಿ ಬರಲ್ಲ. ನಮ್ಮ ಹಿಸ್ಟರಿ ಗೊತ್ತಲ್ಲ. ಅದು ನಾಯಿಗಳಿಗೆ ಸರಿ.”

ನನಗೆ ನಗು ಬಂತು. “ನಮ್ಮಲ್ಲೂ ಜಾತಿ ನಾಯಿ ಅಂತೀವಿ ಕಣಮ್ಮ. ಅದೇ ಪದ ಮನುಷ್ಯರಿಗೂ. ಕಾಲೇಜಿನ ಅರ್ಜಿಯಲ್ಲೂ ಬರೀತೀವಿ.”

“ನಾಚಿಕೆ ಆಗಲ್ವಾ?” ಅಂದ ಹಿಂದಿನ ಬೆಂಚಿನ ಯೋನಾಸ್.

“ಹಾಗೆ ಬರೆದದ್ದರಿಂದಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು. ಅವರನ್ನ ಕೇಳಿ ನೋಡಪ್ಪ.”

ಅಲ್ಲಿಂದ ಪಾಠ ತಾನಾಗಿ ಓಡಿತು. ವಿದ್ಯಾರ್ಥಿಯ ಜನಾಂಗವನ್ನೂ ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಮೊದಲು ಹೇಳಿತ್ತು. ಆಮೇಲೆ ಕೂಡದು ಅಂದಿತು. ಆದರೆ ತನ್ನ ಜನಾಂಗದಿಂದಾಗಿ ಬದುಕಿನಲ್ಲಿ ಕಂಡದ್ದನ್ನು ಹುಡುಗ ಅರ್ಜಿಯ ಪ್ರಬಂಧದಲ್ಲಿ ಬರೆಯಬಹುದು ಅಂತಲೂ ಅಂದಿತು.

“ಓಹೋ, ಪದ ಬೇಡ, ಕಥೆ ಓಕೆ. ನಮ್ಮ ಹಾಗೇ,” ಅಂದ ಯೋನಾಸ್. ಕ್ಲಾಸೆಲ್ಲ ನಕ್ಕಿತು.

ಪಾಠ ಮುಗಿಯಿತು. ಎಲ್ಲರೂ ಬೆರಳ ಗೆಣ್ಣಿನಿಂದ ಟಕಟಕ ಮೇಜು ಕುಟ್ಟತೊಡಗಿದರು. ನಮ್ಮಲ್ಲಿ ಡೆಸ್ಕ್ ಕುಟ್ಟಿದರೆ ‘ಸಾಕು ಮೇಡಂ, ಹೊರಡಿ’ ಅಂತ ತಾನೇ ಅರ್ಥ. ಸೆಮಿಸ್ಟರ್ ಕೈತಪ್ಪಿತು ಅಂದುಕೊಂಡು, “ಸಾರಿ ಚಿಲ್ಡ್ರನ್” ಅಂತ ಬ್ಯಾಗ್ ಎತ್ತಿಕೊಂಡೆ.

“ಅಯ್ಯೋ ಫ್ರಾವ್ ರಾವ್, ಇದು ನಮ್ಮ ಚಪ್ಪಾಳೆ,” ಅಂದಳು ಲೇನಾ.

ಸೆಮಿಸ್ಟರ್ ನನ್ನದಾಯಿತು. ಈಗ ಮನೆಯಲ್ಲಿ ತಿಳಿಸಾರು ಚೆನ್ನಾಗಿದ್ದರೆ ನಾನೂ ಮೇಜು ಕುಟ್ಟುತ್ತೇನೆ. “ಉಪ್ಪು ಕಮ್ಮಿ ಆಯ್ತಾ ಅಮ್ಮ?” ಅಂತ ಮಗಳಿಗೆ ಗಾಬರಿ, ಮೊಮ್ಮಗಳು ಮಾತ್ರ ಜೊತೆಗೂಡಿ ಕುಟ್ಟುತ್ತಾಳೆ. ಕ್ಲಾಸಿನಲ್ಲಿ ಆ ಸದ್ದಿಗೆ ಇವತ್ತಿಗೂ ಎದೆ ಮೊದಲು ಧಸಕ್ಕೆನ್ನುತ್ತದೆ, ಆಮೇಲೆ ಹಿಗ್ಗುತ್ತದೆ. ಧಸಕ್ಕೆನ್ನುವುದು ಮೈಸೂರಿನವಳಿಗೆ, ಹಿಗ್ಗುವುದು ಫ್ರಾವ್ ರಾವ್‌ಗೆ.